ಒಂದು ಲೋಟ ತಿಳಿನೀರು, ಒಂದು ತೊಲ ಬಂಗಾರ: ಶುದ್ಧ ಎಂದರೆ ಎಷ್ಟು ಶುದ್ಧ?

ಪ್ರಥಮ ಪಿಯುಸಿಯ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಶುದ್ಧೀಕರಣದ ವಿಧಾನಗಳು ಎಂಬ ಭಾಗವಿದೆ. ಉತ್ಪತನ, ಸ್ಫಟಿಕೀಕರಣ, ಬಟ್ಟಿ ಇಳಿಸುವುದು, ಕ್ರೊಮ್ಯಾಟೋಗ್ರಫಿ. ಎರಡು ಮೂರು ಅಂಕದ ಪ್ರಶ್ನೆ ಬರುವ ಭಾಗ ಎಂದು ಬಹಳ ವಿದ್ಯಾರ್ಥಿಗಳು ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಪಾಠ ಕೆಲವರ ಅಂಗೈ, ಅಂಗಾಲುಗಳ ಮೇಲೆ ಗಂಟುಗಂಟಾಗಿ ಎದ್ದಿದೆ. ಆದ್ದರಿಂದ ಈ ಸಲ ಪಠ್ಯಪುಸ್ತಕದ ಉದಾಹರಣೆಗಳನ್ನು ಸ್ವಲ್ಪ ಬದಿಗಿಟ್ಟು ಸುರಪುರ ತಾಲ್ಲೂಕಿನಿಂದ ಶುರು ಮಾಡೋಣ.

ಮೊದಲು ಒಂದು ಲೆಕ್ಕ. ಸರಾಫ್ ಅಂಗಡಿಯಲ್ಲಿ 995 ಮುದ್ರೆಯ ಬಂಗಾರದ ಗಟ್ಟಿ ಇದೆ. ಅಂದರೆ ಸಾವಿರ ಭಾಗದಲ್ಲಿ 995 ಭಾಗ ಚಿನ್ನ, 5 ಭಾಗ ಬೇರೆ. ಶೇಕಡಾ 99.5 ಶುದ್ಧ. ಇನ್ನೊಂದು ಕಡೆ ಒಂದು ಲೀಟರ್ ಬೋರ್‌ವೆಲ್ ನೀರು. ಅದರಲ್ಲಿ 303 ಮೈಕ್ರೋಗ್ರಾಂ ಆರ್ಸೆನಿಕ್ ಇದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಅಂದರೆ ನೂರು ಕೋಟಿ ಮೈಕ್ರೋಗ್ರಾಂ. ಆರ್ಸೆನಿಕ್ ಮಟ್ಟಿಗೆ ಹೇಳುವುದಾದರೆ ಈ ನೀರು ಶೇಕಡಾ 99.99997 ಶುದ್ಧ. ಹಾಗಾದರೆ ಯಾವುದು ಹೆಚ್ಚು ಶುದ್ಧ? ಲೆಕ್ಕದ ಪ್ರಕಾರ ನೀರು. ಆದರೆ ಆ ಬಂಗಾರವನ್ನು ಯಾರೂ ಬೇಡ ಎನ್ನುವುದಿಲ್ಲ, ಆ ನೀರನ್ನು ಮಾತ್ರ ಯಾರೂ ಕುಡಿಯಬಾರದು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಮ್ಮ ಭಾರತೀಯ ಮಾನಕವೂ ಅದನ್ನೇ ಹೇಳುತ್ತದೆ. ಆ ನೀರಿನಲ್ಲಿ ಇರುವುದು ಮಿತಿಯ ಮೂವತ್ತು ಪಟ್ಟು.

303 ಎಂಬ ಸಂಖ್ಯೆ ನಾನು ಕಲ್ಪಿಸಿದ್ದಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಮತ್ತು ಅದರ ಸುತ್ತಲಿನ ಮಂಗಳೂರು ಶಿಲಾಪಟ್ಟಿಯಲ್ಲಿ (ಇದು ಕರಾವಳಿಯ ಮಂಗಳೂರಲ್ಲ, ನಮ್ಮದೇ ತಾಲ್ಲೂಕಿನ ಊರು) ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರು ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನ ಮಾದರಿಗಳಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಿತ್ತು. ಅತಿ ಹೆಚ್ಚು ಕಂಡದ್ದು 303. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು. ಮೈಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕೆ, ಅಂಗೈ ಅಂಗಾಲು ಒರಟಾಗಿ ಗಂಟು ಕಟ್ಟುವುದು ಇದರ ಲಕ್ಷಣ. ವರ್ಷಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿನ ಅಪಾಯವಿದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಇದನ್ನು ಬೇರೆಯಾಗಿ ಹೇಳಬೇಕಾಗುತ್ತದೆ, ಏಕೆಂದರೆ ಕೈಮೇಲಿನ ಗಂಟು ನೋಡಿ ಪಕ್ಕದಲ್ಲಿ ಕೂರಲು ಹಿಂಜರಿಯುವವರು ಇನ್ನೂ ಇದ್ದಾರೆ.

ಚಿನ್ನದ ಪಕ್ಕದಲ್ಲೇ ವಿಷ

ಚಿನ್ನಕ್ಕೂ ಆರ್ಸೆನಿಕ್‌ಗೂ ಏನು ನಂಟು? ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ನಮಗೆ ದೂರವಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಂಥ ಚಿನ್ನದ ಗಣಿ ಎಂದರೆ ಹಟ್ಟಿಯೇ. ಸುರಪುರ ತಾಲ್ಲೂಕಿನ ಮಂಗಳೂರು ಸುತ್ತಮುತ್ತಲೂ ಹಿಂದೆ ಚಿನ್ನ ತೆಗೆದಿದ್ದಾರೆ. ಇಂಥ ಬಂಡೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜ ಸಾಮಾನ್ಯ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ ಸಂಯುಕ್ತ ಅದು. ಬಂಡೆಯೊಳಗೆ ಗಟ್ಟಿಯಾಗಿ ಇರುವಷ್ಟು ದಿನ ಅದರ ಪಾಡಿಗೆ ಅದು. ಗಾಳಿ ನೀರು ತಗುಲಿದರೆ ನಿಧಾನವಾಗಿ ಆಕ್ಸಿಡೀಕರಣಗೊಂಡು ಆರ್ಸೆನಿಕ್ ನೀರಿಗೆ ಇಳಿಯುತ್ತದೆ.

ಈಗ ಚಿನ್ನವನ್ನು ಬೇರ್ಪಡಿಸುವ ಕೆಲಸ ನೋಡಿ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಲೆಕ್ಕಕ್ಕೆ 3 ಗ್ರಾಂ ಎಂದಿಟ್ಟುಕೊಳ್ಳಿ. ಬಜಾರಿನ ಲೆಕ್ಕದ ಒಂದು ತೊಲ, ಅಂದರೆ 10 ಗ್ರಾಂ ತೂಕದ 22 ಕ್ಯಾರೆಟ್ ಉಂಗುರದಲ್ಲಿ 9.17 ಗ್ರಾಂ ಚಿನ್ನ ಇರುತ್ತದೆ. ಅದಕ್ಕೆ ಮೂರು ಟನ್‌ಗೂ ಹೆಚ್ಚು ಬಂಡೆಯನ್ನು ಒಡೆದು ಹಿಟ್ಟಿನಂತೆ ಅರೆಯಬೇಕು. ಭಾರದ ಕಣಗಳು ಮೊದಲು ಗುರುತ್ವದ ಆಧಾರದ ಮೇಲೆ ಬೇರೆಯಾಗುತ್ತವೆ. ಉಳಿದ ಸೂಕ್ಷ್ಮ ಚಿನ್ನವನ್ನು ಸಯನೈಡ್ ದ್ರಾವಣ ಮತ್ತು ಗಾಳಿಯ ಆಕ್ಸಿಜನ್ ಸೇರಿ ಕರಗಿಸುತ್ತವೆ; ಚಿನ್ನ ಸಂಕೀರ್ಣ ಅಯಾನಾಗಿ ನೀರಿಗೆ ಬರುತ್ತದೆ. ಆಮೇಲೆ ಸತುವಿನ ಪುಡಿ ಹಾಕಿದರೆ ಸತು ಕರಗಿ ಚಿನ್ನ ಕೆಳಗೆ ಕೂರುತ್ತದೆ, ಇಲ್ಲವೇ ಸಕ್ರಿಯ ಇದ್ದಿಲಿನ ಮೇಲೆ ಹೀರಿಸಿ ತೆಗೆಯುತ್ತಾರೆ. ಕೊನೆಗೆ ಕುಲುಮೆ.

ಇಲ್ಲಿ ಪಠ್ಯಪುಸ್ತಕ ಸಾಕಷ್ಟು ಒತ್ತಿ ಹೇಳದ ಒಂದು ಸಂಗತಿ ಇದೆ. ಬೇರ್ಪಡಿಸಿದಾಗ ಯಾವಾಗಲೂ ಎರಡು ರಾಶಿ ಆಗುತ್ತವೆ. ನಮ್ಮ ಕಣ್ಣು ಬೇಕಾದ ರಾಶಿಯ ಮೇಲೆ. ಇನ್ನೊಂದು ರಾಶಿಗೆ ಏನಾಯಿತು? ಒಂದು ಉಂಗುರಕ್ಕೆ ಮೂರು ಟನ್ ಹಿಟ್ಟು ಹಿಂದೆ ಉಳಿಯಿತು. ಬಂಡೆಯಾಗಿದ್ದದ್ದು ಪುಡಿಯಾದದ್ದರಿಂದ ಅದರ ಮೇಲ್ಮೈ ಸಾವಿರಾರು ಪಟ್ಟು ಹೆಚ್ಚಿ, ಕರಗುವ ವೇಗವೂ ಹೆಚ್ಚುತ್ತದೆ. ಆ 2013ರ ಅಧ್ಯಯನದಲ್ಲಿ 12 ಮೇಲ್ಮಣ್ಣಿನ ಮಾದರಿಗಳ ಪೈಕಿ 6ರಲ್ಲಿ ಆರ್ಸೆನಿಕ್ ಕಿಲೋಗೆ 2000 ಮಿಲಿಗ್ರಾಂ ಮೀರಿತ್ತು. ಇದು ಹಳೆಯ ಗಣಿ ತ್ಯಾಜ್ಯದ ಪರಿಣಾಮ ಇರಬಹುದು ಎಂದು ಸಂಶೋಧಕರು ಬರೆದಿದ್ದಾರೆ. ಕಿಲೋಗೆ 2000 ಮಿಲಿಗ್ರಾಂ ಎಂದರೆ ಮಣ್ಣಿನ ಶೇಕಡಾ 0.2 ಆರ್ಸೆನಿಕ್. ಅದಿರಿನಲ್ಲಿರುವ ಚಿನ್ನಕ್ಕಿಂತ ನೂರಾರು ಪಟ್ಟು ಹೆಚ್ಚು.

ಯಾವ ವಿಧಾನ ಏಕೆ ಸೋಲುತ್ತದೆ

ಮಿಶ್ರಣದ ಎರಡು ವಸ್ತುಗಳನ್ನು ಬೇರ್ಪಡಿಸಬೇಕಾದರೆ ಯಾವುದಾದರೂ ಒಂದು ಗುಣದಲ್ಲಿ ಅವೆರಡಕ್ಕೂ ವ್ಯತ್ಯಾಸ ಇರಬೇಕು. ಸೋಸುವಿಕೆಗೆ ಕಣದ ಗಾತ್ರ, ಬಟ್ಟಿ ಇಳಿಸುವುದಕ್ಕೆ ಆವಿಯಾಗುವ ಗುಣ, ಸ್ಫಟಿಕೀಕರಣಕ್ಕೆ ಕರಗುವಿಕೆ, ಕ್ರೊಮ್ಯಾಟೋಗ್ರಫಿಗೆ ಮೇಲ್ಮೈಗೆ ಅಂಟುವ ಗುಣ. ಇದೊಂದು ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಹುದು.

ನೀರಿನಲ್ಲಿ ಕರಗಿದ ಆರ್ಸೆನಿಕ್ ಬಟ್ಟೆಯಲ್ಲಿ ಸೋಸಿದರೆ ಹೋಗುತ್ತದೆಯೇ? ಇಲ್ಲ, ಅದು ಅಣು ಮತ್ತು ಅಯಾನುಗಳ ಗಾತ್ರದಲ್ಲಿದೆ. ಕುದಿಸಿದರೆ? ಮನೆಯಲ್ಲಿ ಎಲ್ಲರೂ ಮಾಡುವ ಕೆಲಸ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಅದು ನಿಜ, ಅದಕ್ಕಾಗಿ ಕುದಿಸಬೇಕು. ಆದರೆ ಆರ್ಸೆನಿಕ್ ಸಾಯುವ ವಸ್ತುವಲ್ಲ, ಅದೊಂದು ಧಾತು. ಆವಿಯಾಗಿ ಹೋಗುವುದು ನೀರು. ಒಂದು ಲೀಟರ್‌ನಲ್ಲಿ 50 ಮೈಕ್ರೋಗ್ರಾಂ ಇದ್ದು, ಕುದಿಸಿ 800 ಮಿಲಿಲೀಟರ್‌ಗೆ ಇಳಿಸಿದರೆ ಸಾಂದ್ರತೆ ಲೀಟರಿಗೆ 62.5 ಆಗುತ್ತದೆ. ಫ್ಲೋರೈಡ್ ವಿಷಯದಲ್ಲೂ ಇದೇ ಲೆಕ್ಕ. ಕ್ಲೋರಿನ್ ಗುಳಿಗೆಯೂ ಆರ್ಸೆನಿಕ್ ತೆಗೆಯುವುದಿಲ್ಲ. ಇಂಥ ನೀರಿನಲ್ಲಿ ಅನ್ನ ಮಾಡಿದರೆ ಅಕ್ಕಿ ನೀರನ್ನು ಹೀರುವಾಗ ಅದರೊಳಗಿನದನ್ನೂ ಹೀರುತ್ತದೆ. ಆದ್ದರಿಂದ ಕುಡಿಯಲು ಒಂದು ನೀರು, ಅಡುಗೆಗೆ ಇನ್ನೊಂದು ಎಂಬ ಲೆಕ್ಕ ಇಲ್ಲಿ ನಡೆಯದು. ಬಟ್ಟೆ ಒಗೆಯಲು, ಸ್ನಾನಕ್ಕೆ ಬಳಸಿದರೆ ಅಪಾಯ ಬಹಳ ಕಡಿಮೆ, ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ.

ಕುದಿಸಿ, ಆವಿಯನ್ನು ಹಿಡಿದು ತಣಿಸಿದರೆ ಕಥೆ ಬೇರೆ. ಆಗ ನಾವು ಇಟ್ಟುಕೊಳ್ಳುವುದು ಮೇಲೆ ಹೋದ ರಾಶಿಯನ್ನು, ಬಿಡುವುದು ತಳದಲ್ಲಿ ಉಳಿದದ್ದನ್ನು. ಇದೇ ಬಟ್ಟಿ ಇಳಿಸುವುದು. ಇದನ್ನು ಪ್ರಯೋಗಶಾಲೆಯ ಕಲೆಯಾಗಿ ಬೆಳೆಸಿದವರಲ್ಲಿ ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನ ಗ್ರಂಥಗಳೂ, ಸುಗಂಧಗಳ ಬಟ್ಟಿ ಇಳಿಸುವಿಕೆಯ ಬಗ್ಗೆ ಪುಸ್ತಕ ಬರೆದ ಅಲ್ ಕಿಂದಿಯೂ ಮುಖ್ಯ. ಬಟ್ಟಿ ಪಾತ್ರೆಗೆ ಇಂಗ್ಲಿಷಿನಲ್ಲಿ ಇರುವ ಅಲೆಂಬಿಕ್ ಎಂಬ ಹೆಸರು ಅರಬಿಯ ಅಲ್ ಅಂಬೀಕ್‌ನಿಂದ ಬಂದದ್ದು. ಅತ್ತರ್ ತಯಾರಿಸುವವರ ತಾಮ್ರದ ಭಟ್ಟಿ ಇಂದಿಗೂ ಅದೇ ತತ್ತ್ವದ್ದು. ಆದರೆ ಒಂದು ತಾಂಡಾದ ಎಲ್ಲ ಮನೆಗಳಿಗೆ ಬೇಕಾಗುವ ನೀರನ್ನು ಹೀಗೆ ಇಳಿಸಲು ಬೇಕಾಗುವ ಉರುವಲು ಎಷ್ಟು, ಯೋಚಿಸಿ.

ಆದ್ದರಿಂದ ಮೇಲ್ಮೈಗೆ ಅಂಟುವ ಗುಣವನ್ನೇ ಹಿಡಿಯಬೇಕು. ಇಲ್ಲಿ ನಿಮ್ಮ ಅಯಾನಿಕ ಸಮತೋಲನದ ಪಾಠ ಕೆಲಸಕ್ಕೆ ಬರುತ್ತದೆ. ನೆಲದಡಿ ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿದೆ: ಆಕ್ಸಿಡೀಕರಣ ಸಂಖ್ಯೆ ಮೂರು ಮತ್ತು ಐದು. ಮೂರರ ರೂಪವಾದ ಆರ್ಸೀನಿಯಸ್ ಆಮ್ಲದ ಪಿಕೆಎ ಸುಮಾರು 9.2. ನೀರಿನ ಪಿಎಚ್ 7ರಿಂದ 8 ಇದ್ದರೆ ಅದು ಪ್ರೋಟಾನ್ ಬಿಟ್ಟುಕೊಡದೆ ವಿದ್ಯುದಂಶವಿಲ್ಲದ ಅಣುವಾಗಿಯೇ ಇರುತ್ತದೆ. ಐದರ ರೂಪದ ಆರ್ಸೆನಿಕ್ ಆಮ್ಲದ ಮೊದಲ ಪಿಕೆಎ 2.2, ಎರಡನೆಯದು ಸುಮಾರು 7. ಅದು ಋಣ ಅಯಾನಾಗಿರುತ್ತದೆ. ವಿದ್ಯುದಂಶ ಇರುವುದನ್ನು ಹಿಡಿಯುವುದು ಸುಲಭ. ಕಬ್ಬಿಣದ ಹೈಡ್ರಾಕ್ಸೈಡ್, ಅಂದರೆ ತುಕ್ಕಿನ ಮೇಲ್ಮೈ, ಈ ಋಣ ಅಯಾನನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಮೊದಲು ಮೂರನ್ನು ಐದು ಮಾಡಿ, ಆಮೇಲೆ ತುಕ್ಕಿಗೆ ಅಂಟಿಸಿ, ಕೊನೆಗೆ ಮರಳಿನಲ್ಲಿ ಸೋಸು. ಮೇಲೆ ಬೇಡ ಎಂದ ಕ್ಲೋರಿನ್ ಈ ಮೊದಲ ಹೆಜ್ಜೆಗೆ ಬೇಕಾಗುತ್ತದೆ. ಕೊಡದಲ್ಲಿ ಪಟಿಕ ತಿರುವುವುದೂ ಇದೇ ಜಾತಿಯ ಕೆಲಸ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಗರಣೆ ಮಣ್ಣನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಆರ್ಸೆನಿಕ್ ಹಿಡಿಯುವಲ್ಲಿ ಅದು ಕಬ್ಬಿಣಕ್ಕೆ ಸಮನಲ್ಲ. ಕೈಯಳತೆಯಲ್ಲಿ ಪಟಿಕ ಹಾಕಿ ನೀರು ತಿಳಿಯಾದ ಮಾತ್ರಕ್ಕೆ ಆರ್ಸೆನಿಕ್ ಹೋಯಿತು ಎಂದುಕೊಳ್ಳಬಾರದು.

ಬಾಂಗ್ಲಾದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದ ರಸಾಯನಶಾಸ್ತ್ರಜ್ಞ ಅಬುಲ್ ಹುಸ್ಸಾಂ ಈ ತತ್ತ್ವದ ಮೇಲೆಯೇ ಸೋನೊ ಫಿಲ್ಟರ್ ಮಾಡಿದರು. ಒಂದರ ಮೇಲೊಂದು ಇಟ್ಟ ಬಕೆಟ್, ಮರಳು, ಇದ್ದಿಲು, ಇಟ್ಟಿಗೆ ಚೂರು, ನಡುವೆ ಸಂಸ್ಕರಿಸಿದ ಕಬ್ಬಿಣ. ವಿದ್ಯುತ್ ಬೇಡ. 2007ರಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರ್‌ನ ಗ್ರೇಂಜರ್ ಪ್ರಶಸ್ತಿ ಬಂತು. ದೊಡ್ಡ ಯಂತ್ರ ಇಲ್ಲದೆಯೂ ಒಳ್ಳೆಯ ಕೆಮಿಸ್ಟ್ರಿ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಹಳ್ಳಿಗಳಲ್ಲಿ ಇರುವುದು ಆರ್‌ಒ, ನಾಣ್ಯ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕ. ಪೊರೆಯ ಮೂಲಕ ಒತ್ತಡದಲ್ಲಿ ನೀರನ್ನು ದಾಟಿಸುವುದು ಅದರ ಕೆಲಸ. ಐದರ ರೂಪವನ್ನು ಅದು ಚೆನ್ನಾಗಿ ತಡೆಯುತ್ತದೆ, ಮೂರರ ರೂಪವನ್ನು ಅಷ್ಟಾಗಿ ತಡೆಯುವುದಿಲ್ಲ. ಇಲ್ಲೂ ಎರಡು ರಾಶಿಯ ಲೆಕ್ಕ ಹಾಕಿ. ಲೀಟರಿಗೆ 100 ಮೈಕ್ರೋಗ್ರಾಂ ಇರುವ ಎರಡು ಲೀಟರ್ ನೀರು ಒಳಗೆ ಹೋಯಿತು ಎಂದುಕೊಳ್ಳಿ. ಒಂದು ಲೀಟರ್ ಒಳ್ಳೆಯ ನೀರು ಬಂತು, ಅದರಲ್ಲಿ 5 ಮೈಕ್ರೋಗ್ರಾಂ. ಹಾಗಾದರೆ ಪೈಪಿನಲ್ಲಿ ಹೊರಬಿದ್ದ ಇನ್ನೊಂದು ಲೀಟರ್‌ನಲ್ಲಿ 195. ಆ ಪೈಪು ಎಲ್ಲಿಗೆ ಹೋಗುತ್ತದೆ? ಚರಂಡಿಗೋ, ದನ ನೀರು ಕುಡಿಯುವ ತೊಟ್ಟಿಗೋ, ಮತ್ತೆ ಅದೇ ನೆಲದೊಳಕ್ಕೋ? ನಿಮ್ಮ ಊರಿನಲ್ಲಿ ಹೋಗಿ ನೋಡಿ ಬನ್ನಿ, ಪ್ರಾಜೆಕ್ಟ್ ಬರೆಯಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದಿಲ್ಲ.

ಶುದ್ಧತೆಯನ್ನು ಅಳೆಯುವುದು

ಬೇರ್ಪಡಿಸಿದ್ದಾಯಿತು. ಶುದ್ಧವಾಗಿದೆ ಎಂದು ಹೇಗೆ ಗೊತ್ತು? ಲ್ಯಾಬಿನಲ್ಲಿ ಬೆಂಜೋಯಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಸಿಯಾಗಿರುವಾಗಲೇ ಸೋಸಿ, ನಿಧಾನವಾಗಿ ತಣಿಸಿ ಹರಳು ತೆಗೆಯುತ್ತೀರಿ. ಆ ಹರಳು 122 ಡಿಗ್ರಿಯ ಹತ್ತಿರ ಒಮ್ಮೆಲೇ ಕರಗಿದರೆ ಶುದ್ಧ. 115ಕ್ಕೆ ಶುರುವಾಗಿ 120ರವರೆಗೆ ಎಳೆದಾಡಿದರೆ ಕಲಬೆರಕೆ ಇದೆ. ಕಶ್ಮಲ ಸೇರಿದರೆ ದ್ರವನ ಬಿಂದು ಕೆಳಗಿಳಿಯುತ್ತದೆ, ಅಗಲವೂ ಆಗುತ್ತದೆ. ಯೂರಿಯಾ ಮತ್ತು ಸಿನ್ನಮಿಕ್ ಆಮ್ಲ ಎರಡೂ ಬೇರೆಬೇರೆಯಾಗಿ ಸುಮಾರು 133 ಡಿಗ್ರಿಗೆ ಕರಗುತ್ತವೆ. ಎರಡನ್ನೂ ಸೇರಿಸಿ ಅರೆದರೆ ಅದಕ್ಕಿಂತ ಬಹಳ ಕಡಿಮೆ ಉಷ್ಣತೆಗೇ ಕರಗಲು ಶುರು. ಎರಡು ಬಿಳಿ ಪುಡಿ ಒಂದೇ ವಸ್ತುವೇ ಅಲ್ಲವೇ ಎಂದು ಗುರುತಿಸಲು ಇದು ಹಳೆಯ, ಅಗ್ಗದ, ನಂಬಬಹುದಾದ ದಾರಿ. ಆದರೆ ಅದು ಕಾಣುವುದು ಶೇಕಡಾ ಒಂದರ ಆಸುಪಾಸಿನ ಕಶ್ಮಲವನ್ನು ಮಾತ್ರ.

ಬಂಗಾರದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ಒರೆಗಲ್ಲಿನ ಮೇಲೆ ಗೆರೆ ಎಳೆದು ಆಮ್ಲ ಹಚ್ಚಿ ಬಣ್ಣ ನೋಡುವುದು ಕಣ್ಣಿನ ಅಂದಾಜು. ಪಳಗಿದ ಅಕ್ಕಸಾಲಿಗನ ಕಣ್ಣು ಸಣ್ಣದಲ್ಲ ಬಿಡಿ. ಸಾಂದ್ರತೆಯಿಂದ ಅಳೆಯುವ ದಾರಿಯೂ ಇದೆ. ಚಿನ್ನ 19.3, ಬೆಳ್ಳಿ 10.5, ತಾಮ್ರ 8.96. ಈ ಅಂಕಿಗಳಿಂದ ಲೆಕ್ಕ ಹಾಕಿದರೆ 22 ಕ್ಯಾರೆಟ್ ಆಭರಣ 17.6ರಿಂದ 18ರ ನಡುವೆ ಬರಬೇಕು, 18 ಕ್ಯಾರೆಟ್ ಆದರೆ 15ರಿಂದ 16. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಸಾಕು. ಅಲ್ ಬೀರೂನಿ ಲೋಹಗಳ ಸಾಂದ್ರತೆಯನ್ನು ಬಹಳ ನಿಖರವಾಗಿ ಅಳೆದವರು. 12ನೇ ಶತಮಾನದ ಆರಂಭದಲ್ಲಿ ಮರ್ವ್ ನಗರದ ಅಲ್ ಖಾಜಿನಿ ನೀರಿನೊಳಗೆ ತೂಗುವ ತಕ್ಕಡಿಯಿಂದ ಮಿಶ್ರಲೋಹದಲ್ಲಿ ಯಾವುದು ಎಷ್ಟಿದೆ ಎಂದು ಹೇಳುವ ಬಗೆಯನ್ನು ಮೀಜಾನುಲ್ ಹಿಕ್ಮಾ ಎಂಬ ಗ್ರಂಥದಲ್ಲಿ ವಿವರಿಸಿದರು. ಆದರೆ ಈ ತಕ್ಕಡಿಗೂ ಮೋಸ ಮಾಡಬಹುದು. ಟಂಗ್‌ಸ್ಟನ್‌ನ ಸಾಂದ್ರತೆ 19.25. ಒಳಗೆ ಟಂಗ್‌ಸ್ಟನ್, ಮೇಲೆ ಚಿನ್ನ ಇದ್ದರೆ ತಕ್ಕಡಿ ಸುಮ್ಮನಿರುತ್ತದೆ. ಈಗಿನ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನು ಮಾತ್ರ ನೋಡುತ್ತದೆ. ಕೊನೆಯ ತೀರ್ಪು ಬೆಂಕಿಯದೇ: ತೂಗಿದ ಚೂರನ್ನು ಬೆಳ್ಳಿ, ಸೀಸದ ಜೊತೆ ಕುಲುಮೆಗೆ ಇಟ್ಟರೆ ತಾಮ್ರ ಮುಂತಾದವು ಸೀಸದ ಆಕ್ಸೈಡಿನೊಂದಿಗೆ ಮೂಸೆಗೆ ಇಂಗುತ್ತವೆ, ಉಳಿದ ಗುಂಡಿನ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಚಿನ್ನವನ್ನು ಮತ್ತೆ ತೂಗುವುದು. ಹಾಲ್‌ಮಾರ್ಕಿನ 916 ಎಂಬ ಅಂಕಿಯ ಹಿಂದೆ ಈ ವಿಧಾನವಿದೆ. ಮದುವೆಗೆ ಒಡವೆ ಕೊಳ್ಳುವಾಗ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದೆಯೇ ಎಂದು ಮನೆಯವರಿಗೆ ನೋಡಲು ಹೇಳಿ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅದು ಕಡ್ಡಾಯ.

ಚಿನ್ನದಲ್ಲಿ ಸಾವಿರಕ್ಕೆ ಒಂದು ಭಾಗ ನೋಡಿದೆವು. ನೀರಿನ ಆರ್ಸೆನಿಕ್‌ನಲ್ಲಿ ನೂರು ಕೋಟಿಗೆ ಒಂದು ಭಾಗ ನೋಡಬೇಕು. ಮನೆಗೆ ಫಿಲ್ಟರ್ ಮಾರಲು ಬರುವವರು ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸುತ್ತಾರೆ. ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಟಿಡಿಎಸ್ 800 ಇರುವ ನೀರಿಗೆ 303 ಮೈಕ್ರೋಗ್ರಾಂ ಆರ್ಸೆನಿಕ್ ಸೇರಿದರೆ ಹೆಚ್ಚುವುದು 0.3. ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ. ಕಡಿಮೆ ಟಿಡಿಎಸ್ ಇದೆ, ಆದ್ದರಿಂದ ನೀರು ಸುರಕ್ಷಿತ ಎಂಬ ಮಾತು ತರ್ಕಕ್ಕೆ ನಿಲ್ಲುವುದಿಲ್ಲ.

ಇಲ್ಲಿ ನಮ್ಮಲ್ಲಿ ಹಲವರಿಗೆ ಪರಿಚಿತವಾದ ಇನ್ನೊಂದು ಅಳತೆಯನ್ನೂ ನೆನೆಯಬೇಕು. ವುಝೂ ಮಾಡುವ ನೀರು ಪಾಕ್ ಆಗಿದೆಯೇ ಎಂದು ನೋಡಲು ಫಿಕ್ಹ್‌ನ ಪುಸ್ತಕಗಳು ರಂಗು, ರುಚಿ, ವಾಸನೆ ಬದಲಾಗಿದೆಯೇ ಎಂದು ಕೇಳುತ್ತವೆ. ಆರ್ಸೆನಿಕ್ ಈ ಮೂರನ್ನೂ ಬದಲಿಸುವುದಿಲ್ಲ. ಪಾಕ್ ನೀರು ಎಂಬ ಪ್ರಶ್ನೆ ಬೇರೆ, ಕುಡಿಯಲು ತಕ್ಕ ನೀರು ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೆ ಬಳಸಿದರೆ ಮೈಗೆ ಕೇಡು. ಅಜ್ಜಿಯರು ಸಿಹಿನೀರಿನ ಬೋರು ಎಂದು ಮೆಚ್ಚುವ ಬೋರಿಗೂ ಇದೇ ಮಾತು.

ಹಾಗಾದರೆ ಕಾಣುವುದು ಹೇಗೆ? 1836ರಲ್ಲಿ ಜೇಮ್ಸ್ ಮಾರ್ಷ್ ಎಂಬ ಇಂಗ್ಲಿಷ್ ರಸಾಯನಜ್ಞ ಇದಕ್ಕೆ ಒಂದು ಉಪಾಯ ಪ್ರಕಟಿಸಿದರು. ಸತು ಮತ್ತು ಆಮ್ಲ ಸೇರಿ ಹೈಡ್ರೋಜನ್ ಬರುವಲ್ಲಿ ಆರ್ಸೆನಿಕ್ ಇದ್ದರೆ ಅದು ಆರ್ಸೀನ್ ಎಂಬ ಅನಿಲವಾಗಿ ಮೇಲೇಳುತ್ತದೆ. ನೀರಿನ ಉಳಿದ ಉಪ್ಪುಗಳೆಲ್ಲ ಕೆಳಗೇ ಉಳಿಯುತ್ತವೆ. ನೋಡಿ, ಇದೂ ಬೇರ್ಪಡಿಸುವಿಕೆಯೇ. ಹಳ್ಳಿಯಲ್ಲಿ ಬಳಸುವ ಆರ್ಸೆನಿಕ್ ಕಿಟ್‌ನಲ್ಲಿ ಈ ಅನಿಲ ಮರ್ಕ್ಯುರಿಕ್ ಬ್ರೋಮೈಡ್ ಕಾಗದಕ್ಕೆ ತಗುಲಿ ಹಳದಿಯಿಂದ ಕಂದು ಬಣ್ಣ ಬರುತ್ತದೆ. ಚಕ್ರವರ್ತಿಯವರ ತಂಡ ಬಳಸಿದ ಉಪಕರಣದಲ್ಲೂ ಮೊದಲ ಹೆಜ್ಜೆ ಇದೇ, ಆಮೇಲೆ ಆ ಅನಿಲದ ಪರಮಾಣುಗಳು ಎಷ್ಟು ಬೆಳಕನ್ನು ಹೀರುತ್ತವೆ ಎಂದು ಅಳೆಯುತ್ತಾರೆ. ಆರ್ಸೀನ್ ಮಹಾ ವಿಷಾನಿಲ. ನಮ್ಮ ಲ್ಯಾಬಿನಲ್ಲಿ ಸತುವೂ ಇದೆ, ಆಮ್ಲವೂ ಇದೆ ಎಂದು ಯಾರೂ ಇದನ್ನು ಮಾಡಿ ನೋಡಬಾರದು.

ನೀವು ಮಾಡಬಹುದಾದದ್ದು ಮಾದರಿ ತೆಗೆದು ಕಳಿಸುವುದು. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ವಿಚಾರಿಸಿ, ಆದರೆ ನೀರು ಚೆಕ್ ಮಾಡಿ ಎಂದಷ್ಟೇ ಹೇಳಬೇಡಿ. ಆರ್ಸೆನಿಕ್ ಮತ್ತು ಫ್ಲೋರೈಡ್ ಎಂದು ಹೆಸರು ಹಿಡಿದು ಕೇಳಿ. ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲೇಬೇಕೆಂದಿಲ್ಲ. ಪಂಪನ್ನು ಐದಾರು ನಿಮಿಷ ಓಡಿಸಿ, ಪೈಪಿನೊಳಗೆ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ. ಆದರೆ ಪ್ರಯೋಗಾಲಯದವರು ಆರ್ಸೆನಿಕ್‌ಗೆಂದು ಮೊದಲೇ ಒಂದೆರಡು ಹನಿ ನೈಟ್ರಿಕ್ ಆಮ್ಲ ಹಾಕಿದ ಬಾಟಲಿ ಕೊಟ್ಟಿದ್ದರೆ ಅದನ್ನು ತೊಳೆಯಬೇಡಿ: ಆಮ್ಲ ಇಲ್ಲದಿದ್ದರೆ ನೀರಿನ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತು ಆರ್ಸೆನಿಕ್ಕನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಮೇಲಿನ ನೀರಿನಲ್ಲಿ ಸುಳ್ಳೇ ಕಡಿಮೆ ತೋರುತ್ತದೆ. ಫ್ಲೋರೈಡ್‌ಗೆ ಆಮ್ಲವಿಲ್ಲದ ಇನ್ನೊಂದು ಬಾಟಲಿ. ಎರಡರ ಮೇಲೂ ಊರು, ಓಣಿ, ಬೋರಿನ ಆಳ, ತಾರೀಖು, ಹಿಡಿದ ಹೊತ್ತು, ಇದು ಬೋರಿನ ನೀರೋ, ಆರ್‌ಒ ದಾಟಿ ಬಂದದ್ದೋ, ಹೊರಬಿದ್ದ ಪೈಪಿನದೋ ಎಂದು ಪೆನ್ಸಿಲಿನಲ್ಲಿ ಬರೆದು ಚೀಟಿ ಅಂಟಿಸಿ. ಪೆನ್ನಿನ ಶಾಯಿ ಒದ್ದೆಯಾದರೆ ಅಳಿಸಿಹೋಗುತ್ತದೆ.